ಗಾಜಿಗೆ ಹಿಡಿಸದ ಹೆಬ್ಬೆಟ್ಟು

ಮಾದೇಶನ ಹೆಬ್ಬೆಟ್ಟನ್ನು ಯಾವ ಫೋನೂ ಗುರುತು ಹಿಡಿಯುತ್ತಿರಲಿಲ್ಲ. ರೇಷನ್ ಅಂಗಡಿಯ ಯಂತ್ರವೂ ಹಿಡಿಯುತ್ತಿರಲಿಲ್ಲ. ಹೊಗೆನಕಲ್ಲಿನಲ್ಲಿ ಹದಿಮೂರು ವರ್ಷ ದುಂಡನೆಯ ಬಿದಿರು ತೆಪ್ಪದ ಹುಟ್ಟು ಹಾಕಿ ಹಾಕಿ ಅವನ ಬೆರಳುಗಳ ಮೇಲೆ ಹುಣಸೆ ಬೀಜದಷ್ಟು ದಪ್ಪ ಜಡ್ಡು ಕಟ್ಟಿತ್ತು. ಹಬ್ಬಕ್ಕೆ ಅವನು ಸೇಲಂ ಹತ್ತಿರದ ಕಡಯಂಪಟ್ಟಿಯ ನಮ್ಮ ಮನೆಗೆ ಬಂದಾಗ ನಾನು ಬೇಕಂತಲೇ ನನ್ನ ಫೋನನ್ನು ಅವನ ಕೈಗೆ ಕೊಟ್ಟು, “ಆ ವಿಡಿಯೋ ಒಸಿ ನಿಲ್ಸು ಬಾವ” ಅನ್ನುತ್ತಿದ್ದೆ. ಅವನು ಒತ್ತುತ್ತಿದ್ದ, ವಿಡಿಯೋ ಓಡುತ್ತಲೇ ಇರುತ್ತಿತ್ತು, ಮನೆಮಂದಿ ಎಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನು ನಗುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯುವುದಕ್ಕೆ ಕಾರಣ ಇತ್ತು. ಅವನು ನನ್ನ ಸೋದರಮಾವನ ಮಗ, ನನಗಿಂತ ಮೂರು ವರ್ಷ ದೊಡ್ಡವನು. ನಾನು ಹತ್ತು ವರ್ಷದವನಿದ್ದಾಗ ಹೊಗೆನಕಲ್ಲಿನಲ್ಲಿ ಕಾಲು ಜಾರಿ ನೀರಿಗೆ ಬಿದ್ದೆ, ಕೂದಲು ಹಿಡಿದು ಎಳೆದು ಹಾಕಿದವನು ಇವನೇ. ಅದನ್ನು ಅವ್ವ ವರ್ಷಕ್ಕೆ ಹತ್ತು ಸಲ ನೆನಪಿಸುತ್ತಿದ್ದಳು. ನಿಮ್ಮ ಜೀವ ಉಳಿಸಿದವನ ಎದುರು ಪ್ರತಿ ಹಬ್ಬಕ್ಕೂ ಊಟಕ್ಕೆ ಕೂತು ನೋಡಿ, ಆಗ ಗೊತ್ತಾಗುತ್ತದೆ.

ಅದು ಸಾಲದು ಅಂತ ನನ್ನ ತಂಗಿ ಮಾಲತಿ ಬೇರೆ. ನಮ್ಮವರಲ್ಲಿ ಹೆಣ್ಣನ್ನು ಹೊರಗೆ ಕೊಡುವ ಮೊದಲು ಸೋದರಮಾವನ ಮಗನನ್ನು ಕೇಳಬೇಕು. ಹಾಗಾಗಿ ಮಾಲತಿ ಮಾದೇಶನಿಗೆ ಅಂತ ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಇಂಥ ಮಾತುಗಳು ಸಾಮಾನ್ಯವಾಗಿ ತಾವಾಗಿಯೇ ಸವೆದುಹೋಗುತ್ತವೆ. ಇದು ಸವೆಯಲಿಲ್ಲ, ಯಾಕೆಂದರೆ ಬಿ.ಎಸ್ಸಿ. ಓದಿ ಓಮಲೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ನನ್ನ ತಂಗಿಗೂ ಆ ತೆಪ್ಪದವನೇ ಬೇಕಾಗಿದ್ದ.

ನಮ್ಮಪ್ಪ ಪಾಪಣ್ಣ ಏರ್ಕಾಡ್ ಬೆಟ್ಟದ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ಎಲ್ಲದಕ್ಕೂ ಒಂದು ಸ್ಟಾಪು ಇಟ್ಟೇ ಮಾತಾಡುತ್ತಾನೆ. ಆ ವರ್ಷ ದೀಪಾವಳಿಗೆ ಮಾದೇಶನನ್ನು ಕೂರಿಸಿಕೊಂಡು ಹೇಳಿದ: “ನೀರ ಮೇಲಿನ ಕೆಲ್ಸ ಬುಡು. ನೆಲದ ಮೇಲೆ ಒಂದು ತಿಂಗಳ ಸಂಬಳದ ಕೆಲ್ಸ ಇಡ್ಕೋ. ಪೊಂಗಲ್ ಒಳಗೆ ಸಿಕ್ಕುದ್ರೆ ಉಡುಗಿ ನಿಂದು. ಇಲ್ದಿದ್ರೆ ನಾನು ಬೇರೆ ಕಡೆ ನೋಡ್ತೀನಿ, ಆಮ್ಯಾಕೆ ಯಾರೂ ನನ್ನ ಕೇಳಂಗಿಲ್ಲ.” ಮಾದೇಶ ಆಯ್ತು ಮಾವ ಅಂದ. ಮಾಲತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು.

ನಾನು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದೆ, ಅದು ಬೇರೆ ಮಾತು. ನನಗೆ ಯಾರೂ ಪೊಂಗಲ್ ಒಳಗೆ ಅನ್ನಲಿಲ್ಲ.

ಆ ಎರಡು ವರ್ಷದಲ್ಲಿ ನಾನು ಒಂದು ವಿದ್ಯೆ ಕಲಿತಿದ್ದೆ. ಫೋನಿನಲ್ಲಿ ಕಾರ್ ರೇಸು. ಬೆಟ್ಟದ ರಸ್ತೆ, ಸಾಲು ಸಾಲು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನಮ್ಮ ಕಡೆಯ ಹುಡುಗರು ಅದನ್ನು ಏರ್ಕಾಡ್ ಆಟ ಅಂತಲೇ ಕರೆಯುತ್ತಿದ್ದರು. ಕಡಯಂಪಟ್ಟಿಯ ಮೇನ್ ರೋಡಿನಲ್ಲಿ ಮೊಬೈಲ್ ಅಂಗಡಿಯ ಮೇಲೆ ಸರವಣನ್ ಎಂಬಾತ ಗೇಮ್ ಹಾಲ್ ಇಟ್ಟಿದ್ದ. ಅಲ್ಲಿ ನಾಲ್ಕು ದೊಡ್ಡ ಟಿ.ವಿ., ನಾಲ್ಕು ಗೇಮ್‌ಪ್ಯಾಡು. ಅದೇ ಆಟ ಅಲ್ಲಿಯೂ ಇತ್ತು. ಒಂದು ಮಂಗಳವಾರ, ತೆಪ್ಪದ ಸರದಿ ಇಲ್ಲದ ದಿನ, ಮಾದೇಶ ಕೆಲಸ ಹುಡುಕಿಕೊಂಡು ನಮ್ಮೂರಿಗೆ ಬಂದಿದ್ದ. ನಾಲ್ಕು ಜನರ ಮುಂದೆ ನಗಿಸೋಣ ಅಂತ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಪ್ಯಾಡನ್ನು ಕೈಗೆ ತೆಗೆದುಕೊಂಡು ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಡ ಹೆಬ್ಬೆಟ್ಟನ್ನು ಅದರ ಪುಟ್ಟ ಕೋಲಿನ ಮೇಲೆ ಇಟ್ಟ, ಬಲದ್ದನ್ನು ಬಟನ್ ಮೇಲೆ ಇಟ್ಟ. ಮೊದಲ ಸಲ ಪಾತಾಳಕ್ಕೆ ಬಿದ್ದ. ಎರಡನೇ ಸಲವೂ ಬಿದ್ದ. ಮೂರನೇ ಸಲ ನನ್ನನ್ನು ಸೋಲಿಸಿದ.

ಅದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು, ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಗಾಜಿನ ಮೇಲೆ ಆಡುವಾಗ ನಿಮ್ಮ ಬೆರಳೇ ಅರ್ಧ ರಸ್ತೆಯನ್ನು ಮುಚ್ಚುತ್ತದೆ. ಕಾರು ತಿರುಗಿಸುವ ಬಾಣದ ಗುರುತು ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ, ಕಣ್ಣು ಇಳಿದು ನೋಡಿ ಹೇಳಬೇಕು. ಪ್ಯಾಡಿನಲ್ಲಿ ಬೆರಳಿಗೆ ತನ್ನ ಜಾಗ ಗೊತ್ತಿರುತ್ತದೆ. ಕೋಲನ್ನು ಕೂದಲೆಳೆಯಷ್ಟು ವಾಲಿಸಿದರೆ ಕಾರೂ ಅಷ್ಟೇ ವಾಲುತ್ತದೆ. ಗಾಜಿಗೆ ಅಷ್ಟು ಸೂಕ್ಷ್ಮ ಇಲ್ಲ, ಅದಕ್ಕೆ ಬೇಕಾಗಿರುವುದು ಮೆತ್ತನೆಯ ಬೆರಳು ಮಾತ್ರ. ನನ್ನ ಹತ್ತಿರ ಅದೊಂದು ಇತ್ತು.

“ತೆಪ್ಪನೂ ಇಂಗೇ ಲಾ ಅರವಿಂದ,” ಅಂದ ಮಾದೇಶ, ಟಿ.ವಿ.ಯಿಂದ ಕಣ್ಣು ತೆಗೆಯದೆ. “ನೀರು ಎಳೆದ ಕಡೆ ಒಸಿ ಓಗ್ಬೇಕು. ಆಮ್ಯಾಕೆ ತಿರುಗಿಸ್ಬೇಕು.”

ಹಿಂದೆ ನಿಂತು ನೋಡುತ್ತಿದ್ದ ಸರವಣನ್ ಅವನ ಹೆಸರು, ಊರು ಕೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದ: ಸೇಲಂನಲ್ಲಿ ದೊಡ್ಡ ಹಾಲ್ ತೆರೆಯುತ್ತಿದ್ದೇನೆ, ಅದನ್ನು ನೋಡಿಕೊಳ್ಳಲು ಆಟ ಬಲ್ಲ ಒಬ್ಬ ಬೇಕು, ಪೊಂಗಲ್ ರಜೆಯ ಮೊದಲ ದಿನ ಪಂದ್ಯ ಇಡುತ್ತೇನೆ, ಗೆದ್ದವನಿಗೆ ಕೆಲಸ. ತಿಂಗಳ ಸಂಬಳ, ನೆಲದ ಮೇಲೆ.

ಮಾದೇಶ ಆ ದಿನ ನಮ್ಮ ಮನೆಯಲ್ಲಿ ಉಂಡ ಅನ್ನ ನನಗೆ ಇನ್ನೂ ನೆನಪಿದೆ, ಮೂರು ಸಲ ಬಡಿಸಿಕೊಂಡ. ಮುಂದಿನ ವಾರ ಮಾಲತಿ ತನ್ನ ಸಂಬಳದಲ್ಲಿ ಸೇಲಂನಿಂದ ಒಂದು ಗೇಮ್‌ಪ್ಯಾಡ್ ತರಿಸಿ, ತನ್ನ ಹಳೆಯ ಫೋನಿಗೆ ಅದನ್ನು ಜೋಡಿಸಿ, ಅವನಿಗೆ ಕೊಟ್ಟಳು. ಅವನು ದಿನವೂ ತೆಪ್ಪ ದಡಕ್ಕೆ ಎಳೆದು ಹಾಕಿ, ಅದರ ನೆರಳಲ್ಲಿ ಕೂತು ಆಡುತ್ತಿದ್ದನಂತೆ. ರೇಸು ಮುಗಿಸಲು ದಿನಾ ಹಿಡಿದ ಸಮಯವನ್ನು ಮಾಲತಿಗೆ ಬರೆದು ಕಳಿಸುತ್ತಿದ್ದ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ನಾನು ದಿನಾ ಬೆಳಿಗ್ಗೆ ಕ್ಯಾಲೆಂಡರ್ ನೋಡುತ್ತಿದ್ದೆ.

ಪಂದ್ಯಕ್ಕೆ ಇನ್ನು ಒಂಬತ್ತು ದಿನ ಇತ್ತು. ನಾನು ಸರವಣನ್ ಹತ್ತಿರ ಹೋದೆ. ಪ್ಯಾಡು ಇರುವುದು ನಾಲ್ಕು, ಒಂದು ಸಲಕ್ಕೆ ನಾಲ್ಕೇ ಜನ ಆಡಿದರೆ ದಿನವಿಡೀ ಆದರೂ ಮುಗಿಯುವುದಿಲ್ಲ ಅಂದೆ. ಫೋನಾದರೆ ಎಲ್ಲರೂ ತಮ್ಮ ತಮ್ಮದು ತರುತ್ತಾರೆ, ಮೂವತ್ತು ಜನ ಒಟ್ಟಿಗೆ ಕೂರಬಹುದು, ಹಾಲ್ ತುಂಬುತ್ತದೆ ಅಂದೆ. ಕೆಲವರು ಪ್ಯಾಡು ಜೋಡಿಸಿಕೊಂಡು ಬಂದರೆ ಉಳಿದವರಿಗೆ ಅನ್ಯಾಯ, ಅದನ್ನು ನಿಷೇಧಿಸಬೇಕು ಅಂದೆ. ಪ್ರತಿಯೊಂದು ಮಾತೂ ನಿಜವಾಗಿತ್ತು. ಸರವಣನ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ತಲೆಯಾಡಿಸಿದ. ಮರುದಿನ ಮೆಟ್ಟಿಲ ಹತ್ತಿರ ಹೊಸ ಪೋಸ್ಟರ್ ಬಿತ್ತು: ಟಚ್ ಮಾತ್ರ, ಪ್ಯಾಡಿಗೆ ಅವಕಾಶ ಇಲ್ಲ.

ಮಾದೇಶ ಮೂರು ಬಸ್ಸು ಬದಲಾಯಿಸಿ ಓಡಿ ಬಂದ. ಬಂದದ್ದು ಯಾರ ಹತ್ತಿರ? ನನ್ನ ಹತ್ತಿರ.

“ಏನ್ಲಾ ಮಾಡೋದು ಈಗ? ಈ ಗಾಜು ನನ್ನ ಬೆರಳ್ನ ಬೆರಳು ಅಂತಲೇ ಒಪ್ಪಲ್ವಲ್ಲೋ. ನೀನು ಬಲ್ಲೋನು, ದಾರಿ ಏಳ್ಕೊಡು.”

ಆಗ ನಾನು ಗೊತ್ತಿಲ್ಲ ಅನ್ನಬಹುದಿತ್ತು. ಅಷ್ಟೇ ಅಂದಿದ್ದರೂ ಅವನು ಸೋಲುತ್ತಿದ್ದ. ಆದರೆ ಅವನು ನನ್ನ ಮುಂದೆ ಕೈಚಾಚಿ ನಿಂತಿದ್ದ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ನನ್ನಿಂದ ಏನೋ ಬೇಕಾಗಿತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಅದನ್ನು ಬೇಗ ಮುಗಿಸಲು ಮನಸ್ಸು ಬರಲಿಲ್ಲ.

“ಜಡ್ಡು ತೆಗೀಬೇಕು ಬಾವ,” ಅಂದೆ. “ಬಿಸಿ ನೀರಲ್ಲಿ ನೆನೆಸು, ಬ್ಲೇಡಲ್ಲಿ ಕೆರೆ. ಒಳಗಿನ ಎಳೆ ಚರ್ಮ ಬರೋವರೆಗೂ ಕೆರೀತಾ ಓಗು. ಎಷ್ಟು ತೆಳ್ಳಗಾದ್ರೆ ಅಷ್ಟು ಒಳ್ಳೇದು.”

“ನೋವಾಯ್ತದಾ?”

“ಒಸಿ ಆಯ್ತದೆ. ಮಾಲತಿ ಬೇಕಾ ಬೇಡ್ವಾ?”

ಅವನು ನಾಚಿಕೊಂಡು ನಕ್ಕ. ಆ ನಗುವಿಗೇ ನಾನು ಇನ್ನೊಂದು ಮಾತು ಸೇರಿಸಿದೆ, ದಿನಕ್ಕೆ ಎರಡು ಸಲ ಕೆರೆ ಅಂತ.

ಅದು ಕೆಲಸ ಮಾಡಿತು, ಅದೇ ವಿಚಿತ್ರ. ಮೂರನೇ ದಿನಕ್ಕೆ ಫೋನು ಅವನ ಬೆರಳನ್ನು ಹಿಡಿಯಿತು. ಅವನು ಮಾಲತಿಗೆ ಸಮಯ ಕಳಿಸಿದ, ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು. “ನೀನೇ ಏಳ್ಕೊಟ್ಟಿದ್ದಂತೆ ಅಣ್ಣ. ಬಾವ ಏಳ್ದ.” ನಾನು ಆ ಕಾಫಿಯನ್ನು ಕುಡಿದೆ. ಇವತ್ತಿಗೂ ಆ ಕಾಫಿಯದೇ ನನಗೆ ಹೆಚ್ಚು ನಾಚಿಕೆ.

ಆಮೇಲೆ ಅವನು ಆಸೆಗೆ ಬಿದ್ದು ಇನ್ನೂ ಕೆರೆದ. ಹಗಲು ಹುಟ್ಟು ಹಾಕುವುದು, ಸಂಜೆ ಕೆರೆಯುವುದು. ಪಂದ್ಯದ ದಿನ ಬಂದಾಗ ಎರಡೂ ಹೆಬ್ಬೆಟ್ಟಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡಿದ್ದ. ಬಿಚ್ಚಿದಾಗ ಕೆಳಗೆ ಚರ್ಮ ಅನ್ನುವಂಥದ್ದು ಇರಲಿಲ್ಲ, ಹಸಿ ಮಾಂಸ ಮಾತ್ರ ಇತ್ತು.

ಪಂದ್ಯಕ್ಕೆ ಸರವಣನ್ ಒಂದು ಕಲ್ಯಾಣ ಮಂಟಪವನ್ನೇ ಹಿಡಿದಿದ್ದ. ಮುನ್ನೂರು ಜನ ಸೇರಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅವ್ವ, ಅವಳ ಪಕ್ಕದಲ್ಲಿ ಹಸಿರು ಸೀರೆಯ ಮಾಲತಿ. ಆಟಗಾರರ ಕೂಗಾಟ ಜನಕ್ಕೆ ಕೇಳಿದರೆ ಮಜಾ ಅಂತ ಫೈನಲ್ ಆಡುವವರ ಕಿವಿಗೆ ಸಿಕ್ಕಿಸಿ ಬಾಯಿಯ ಮುಂದೆ ಮೈಕು ಕಟ್ಟುವುದಾಗಿ ಹೇಳಿದ್ದರು. ಮಾದೇಶ ಒಂದೊಂದು ಸುತ್ತು ಗೆದ್ದಾಗಲೂ ಟವೆಲಿನಲ್ಲಿ ಬೆರಳು ಒರೆಸಿಕೊಂಡು ಮಾಲತಿಯ ಕಡೆ ನೋಡುತ್ತಿದ್ದ. ಟವೆಲ್ ಕೆಂಪಾಗುತ್ತಾ ಬಂತು. ನಾನೂ ಗೆಲ್ಲುತ್ತಾ ಬಂದೆ. ಕೊನೆಗೆ ಉಳಿದವರು ನಾವಿಬ್ಬರೇ.

ಫೈನಲ್ ಹತ್ತು ತಿರುವಿನ ರಸ್ತೆ. ಆರನೇ ತಿರುವಿನವರೆಗೆ ಅವನೇ ಮುಂದಿದ್ದ. ರಕ್ತದ ತೇವಕ್ಕೆ ಗಾಜು ತಬ್ಬಿಬ್ಬಾಗಬೇಕಿತ್ತು, ಆಗುತ್ತಿತ್ತು ಕೂಡ, ಆದರೆ ಅವನು ಪ್ರತಿ ನೇರ ದಾರಿಯಲ್ಲಿ ಒಂದು ಕೈಯನ್ನು ಅಂಗಿಗೆ ಒರೆಸಿಕೊಂಡು ತಿರುವಿಗೆ ಸಿದ್ಧನಾಗುತ್ತಿದ್ದ. ಎಂಟನೇ ತಿರುವಿನಲ್ಲಿ ನನಗೆ ಖಾತ್ರಿಯಾಯಿತು, ಇವನು ಗೆಲ್ಲುತ್ತಾನೆ. ಇವನು ಸೇಲಂನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಾನೆ. ಇವನು ನಮ್ಮ ಮನೆ ಅಳಿಯನಾಗಿ ಪ್ರತಿ ಹಬ್ಬಕ್ಕೂ ನನ್ನೆದುರು ಊಟಕ್ಕೆ ಕೂರುತ್ತಾನೆ.

ನಾನು ಬಾಯಿಬಿಟ್ಟೆ. ಮೈಕು ಇದೆ ಅಂತ ಗೊತ್ತಿತ್ತು. ಆದರೆ ಮಂಟಪದಲ್ಲಿ ಇದ್ದವರೆಲ್ಲ ತಮಿಳಿನವರು, ಕನ್ನಡ ನಮ್ಮ ಮನೆಯೊಳಗಿನ ಮಾತು. ಚಿಕ್ಕಂದಿನಿಂದ ಬಸ್ಸಿನಲ್ಲಿ, ಅಂಗಡಿಯಲ್ಲಿ ಎದುರಿಗೆ ನಿಂತವರನ್ನು ನಾವು ಕನ್ನಡದಲ್ಲಿ ಬೈದು ನಕ್ಕವರು. ಮುಂದಿನ ಸಾಲಿನ ಮೂವರು ಮನೆಯವರು ಏನು ಅನ್ನುತ್ತಾರೆ ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ. ಅವನೊಬ್ಬನಿಗೆ ಕೇಳಿಸಿದರೆ ಸಾಕಾಗಿತ್ತು.

“ಬಾವ, ಕೆರೆಯಕ್ಕೆ ಏಳಿದ್ದು ನೀನು ಗೆಲ್ಲಲಿ ಅಂತ ಅಲ್ಲ. ನೀನು ಕೈ ಕುಯ್ಕೊಳ್ಳೋದು ನೋಡಾಣ ಅಂತ. ಪ್ಯಾಡ್ ನಿಲ್ಸಿದ್ದೂ ನಾನೇ. ಮೀನು ನಾತ ಒಡೆಯೋ ತೆಪ್ಪದೋನ ಪಕ್ಕ ನನ್ ತಂಗಿ ಮಲಗಬೇಕಾ? ಅವಳು ನಿನ್ನ ಒಪ್ಕೊಂಡಿರೋದು ನಾಯಿ ಮ್ಯಾಲಿನ ಕನಿಕರಕ್ಕೆ. ಮನೇಲಿ ಎಲ್ಲಾರಿಗೂ ಗೊತ್ತು, ನಿಂಗೊಬ್ನಿಗೇ ಗೊತ್ತಿಲ್ಲ.”

ಕೊನೆಯ ಎರಡು ಮಾತು ಶುದ್ಧ ಸುಳ್ಳು. ಅವೇ ನಾಟಿದವು. ಅವನು ತಲೆ ಎತ್ತಿ ಮಾಲತಿಯ ಕಡೆ ನೋಡಿದ. ಒಂದೇ ಒಂದು ಸಲ. ಅವನ ಕಾರು ಒಂಬತ್ತನೇ ತಿರುವಿನಲ್ಲಿ ಗರಗರ ಸುತ್ತಿ, ಗೋಡೆಗೆ ಬಡಿದು, ಮತ್ತೆ ಸುತ್ತಿ ಪಾತಾಳಕ್ಕೆ ಬಿತ್ತು. ನಾನು ಗೆರೆ ದಾಟಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಂಟಪದ ಕಸ ಗುಡಿಸುವ ಚಿನ್ನಕ್ಕ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದಳು. ಹತ್ತು ವರ್ಷದಿಂದ ನನ್ನ ಜೊತೆ ತಮಿಳಿನಲ್ಲಿ ಮಾತಾಡಿದವಳು. “ಅಯ್ಯೋ ಮನೆಹಾಳ,” ಅಂದಳು, ಅಚ್ಚ ಕನ್ನಡದಲ್ಲಿ. “ಒಟ್ಟೆಗೆ ಏನ್ ತಿಂತೀಯೋ ನೀನು?” ಆಚೆ ಸಾಲಿನಲ್ಲಿ ಯಾರೋ ಥೂ ಅಂದರು. ಅದೂ ನಮ್ಮ ಥೂ. ಇನ್ನೊಬ್ಬ ಮುದುಕ ಪಕ್ಕದವನಿಗೆ ನನ್ನ ಮಾತನ್ನು ತಮಿಳಿಗೆ ಬಿಡಿಸಿ ಹೇಳುತ್ತಿದ್ದ. ಕಡಯಂಪಟ್ಟಿಯಲ್ಲಿ ಎಷ್ಟೋ ಮನೆಗಳು ನಮ್ಮ ಹಾಗೆಯೇ, ಬಾಗಿಲು ಹಾಕಿಕೊಂಡು ಕನ್ನಡ, ತೆರೆದರೆ ತಮಿಳು. ಪ್ರತಿ ಮನೆಯವರೂ ತಾವೊಬ್ಬರೇ ಅಂದುಕೊಂಡಿದ್ದರು. ಆ ದಿನ ಮುನ್ನೂರರಲ್ಲಿ ಅರ್ಧ ಜನಕ್ಕೆ ನನ್ನ ಮಾತು ಅರ್ಥವಾಗಿತ್ತು.

ಮಾದೇಶ ಎದ್ದ. ಮಾಲತಿಯ ಫೋನಿನ ಗಾಜನ್ನು ಟವೆಲಿನ ಒಣ ಅಂಚಿನಿಂದ ಒರೆಸಿದ, ರಕ್ತದ ಗುರುತು ಹೋಗುವವರೆಗೂ ಒರೆಸಿದ. ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಗೆ ನಡೆದ. ಮಾಲತಿ ಅವನ ಹಿಂದೆ ಏಳಹೊರಟಾಗ ಅಪ್ಪ ಅವಳ ಕೈ ಹಿಡಿದು ಕೂರಿಸಿದ.

ನನ್ನ ಕತೆ ಮುಗಿಯಿತು ಅಂದುಕೊಂಡೆ. ಸರವಣನ್ ಬಂದು ಮೈಕನ್ನು ನನ್ನ ಕಿವಿಯಿಂದ ಬಿಚ್ಚಿದ. “ನಮ್ಮವ್ವ ಮೇಚೇರಿಯೋಳು, ಕನ್ನಡದೋಳು,” ಅಂದ ಕನ್ನಡದಲ್ಲಿ. “ಎಲ್ಲಾ ಕೇಳುಸ್ತು.” ನಾನು ತಲೆ ತಗ್ಗಿಸಿದೆ. ಅವನು ಮೈಕಿನ ವೈರನ್ನು ಅಂದವಾಗಿ ಸುತ್ತುತ್ತಾ ಹೇಳಿದ: “ಸೇಲಂ ಹಾಲಲ್ಲಿ ಟೈಮ್ ಆದ್ರೂ ಐಕ್ಳು ಪ್ಯಾಡ್ ಬುಡಲ್ಲ, ಅಳ್ತವೆ. ಕಿತ್ಕೊಳ್ಳಕ್ಕೆ ನಿನ್ನಂಥೋನೇ ಬೇಕು. ಒಂದನೇ ತಾರೀಕು ಬಾ.”

ನನಗೆ ಕೆಲಸ ಸಿಕ್ಕಿದ್ದು ಹೀಗೆ.

ಮನೆಯಲ್ಲಿ ಅಪ್ಪ ನನಗೆ ಒಂದೇ ಒಂದು ಏಟು ಹೊಡೆದ. ಹಾಗೆ ಮಾಡಿದ್ದಕ್ಕಲ್ಲ, ಊರ ಮುಂದೆ ಹೇಳಿಕೊಂಡದ್ದಕ್ಕೆ. ಆಮೇಲೆ ಮಾಲತಿಗೆ ಹೇಳಿದ: “ಪೊಂಗಲ್ ಬಂತು. ಅವನಿಗೆ ಕೆಲ್ಸ ಸಿಗ್ಲಿಲ್ಲ. ಮಾತು ಅಂದ್ರೆ ಮಾತು.” ಮಾರನೇ ವಾರ ಶಾಲೆಗೆ ಅಂತ ಹೊರಟವಳು ಧರ್ಮಪುರಿ, ಪೆನ್ನಾಗರ ದಾಟಿ ಹೊಗೆನಕಲ್ಲಿಗೆ ಹೋದಳು. ಅವನು ಇರು ಅಂದರೆ ಅಲ್ಲೇ ಉಳಿಯಲು ಬಟ್ಟೆಯನ್ನೂ ತೆಗೆದುಕೊಂಡು ಹೋಗಿದ್ದಳು.

ಮಾದೇಶನ ಕೈಗೆ ಕೀವು ತುಂಬಿತ್ತಂತೆ. ಹುಟ್ಟು ಹಿಡಿಯಲಾರದೆ, ಬೇರೆಯವರ ತೆಪ್ಪಗಳನ್ನು ತಲೆಯ ಮೇಲೆ ಹೊತ್ತು ದಡಕ್ಕೆ ಸಾಗಿಸುತ್ತಿದ್ದನಂತೆ. ಅವನು ಇವಳನ್ನು ನೆರಳಲ್ಲಿ ಕೂರಿಸಿ, ಎಳನೀರು ತರಿಸಿಕೊಟ್ಟು, ಹೇಳಿದ್ದು ಇಷ್ಟು: “ನಿಮ್ಮಣ್ಣ ಅಂದಿದ್ದು ಸುಳ್ಳು ಅಂತ ನಂಗೊತ್ತು. ಆದ್ರೂ ನಿನ್ ಮಕ ನೋಡ್ದಾಗೆಲ್ಲ ಕನಿಕರ ಐತಾ ಅಂತ ಉಡುಕ್ತೀನಿ. ಈಗ್ಲೂ ಉಡುಕ್ತಾ ಇವ್ನಿ. ಅಂಗೆ ಬಾಳಕ್ಕಾಗಲ್ಲ. ಓಗು.” ಗೇಮ್‌ಪ್ಯಾಡನ್ನು ಒಂದು ಹೊಸ ಟವೆಲಿನಲ್ಲಿ ಸುತ್ತಿ ಅವಳ ಚೀಲದಲ್ಲಿ ಇಟ್ಟನಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವ್ವ. ಮಾಲತಿ ಆ ಮಂಟಪದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಅನ್ನ ಬಡಿಸುವಾಗ ಸಾಕಾ ಅಂತಲೂ ಕೇಳುತ್ತಿರಲಿಲ್ಲ, ನಾನು ಕೈ ಅಡ್ಡ ಹಿಡಿಯುವವರೆಗೂ ಬಡಿಸುತ್ತಿದ್ದಳು.

ವೈಶಾಖದಲ್ಲಿ ಅವಳ ಮದುವೆಯಾಯಿತು. ಸೇಲಂನ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯವನೇ. ನಮ್ಮ ಜಾತಿಯವನೇ ಆದರೂ ಅವರ ಮನೆಯಲ್ಲಿ ಕನ್ನಡ ಎರಡು ತಲೆಮಾರಿನ ಹಿಂದೆಯೇ ಬಿಟ್ಟುಹೋಗಿತ್ತು. ಮಾಲತಿ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ.

ತಮಿಳು ಆಡಿ ತಿಂಗಳ ಹದಿನೆಂಟನೆಯ ದಿನದ ಹೊಳೆ ಹಬ್ಬಕ್ಕೆ ಹೊಸ ಮದುಮಗಳು ಕಾವೇರಿಯಲ್ಲಿ ಮಿಂದು ತಾಳಿಯ ಹಳದಿ ದಾರವನ್ನು ಬದಲಾಯಿಸಬೇಕು. ತವರಿನ ಕಡೆಯಿಂದ ಅಣ್ಣ ಜೊತೆಗಿರಬೇಕು. ಮೆಟ್ಟೂರಿಗೆ ಹೋಗೋಣ ಅಂದೆ. ಮಾಲತಿಯ ಗಂಡನಿಗೆ ಜಲಪಾತವೇ ಬೇಕಿತ್ತು.

ಹೊಗೆನಕಲ್ಲಿನಲ್ಲಿ ಆ ವರ್ಷ ನೀರು ಹದವಾಗಿತ್ತು, ತೆಪ್ಪ ಬಿಡುತ್ತಿದ್ದರು. ದಾರ ಬದಲಾಯಿಸಿದ್ದಾಯಿತು, ಮೀನು ತಿಂದದ್ದಾಯಿತು. ಅಲ್ಲಿ ತೆಪ್ಪವನ್ನು ನಾವು ಆರಿಸುವಂತಿಲ್ಲ, ಚೀಟಿಯ ಸರದಿಯಲ್ಲಿ ಯಾರದು ಬಂದರೆ ಅವರದು. ನಮ್ಮ ನಂಬರ್ ಕೂಗಿದರು. ಹುಟ್ಟು ಹಿಡಿದು ಎದ್ದು ಬಂದವನು ಮಾದೇಶ.

ಅವನು ನನ್ನನ್ನು ನೋಡಿದ. ಹಳದಿ ದಾರವನ್ನು ನೋಡಿದ.

“ಎತ್ತನೆ ಪೇರ್ ಸಾರ್?” ಅಂತ ನನ್ನನ್ನು ತಮಿಳಿನಲ್ಲಿ ಕೇಳಿದ, ಎಷ್ಟು ಜನ ಅಂತ, ಯಾವುದೋ ಊರಿನ ಗಿರಾಕಿಯನ್ನು ಕೇಳುವ ಹಾಗೆ.

“ಮೂಣು ಪೇರ್,” ಅಂದಳು ಮಾಲತಿ, ಮೂವರು ಅಂತ. ಅವಳೂ ತಮಿಳಿನಲ್ಲಿ.

ನನಗೆ ಈಜು ಬಾರದು. ಹತ್ತು ವರ್ಷದವನಿದ್ದಾಗಿನಿಂದ ನಾನು ಸೊಂಟದ ಮೇಲೆ ನೀರಿಗೆ ಇಳಿದವನಲ್ಲ, ಅದು ಅವರಿಬ್ಬರಿಗೂ ಗೊತ್ತು. ಬರುವುದಿಲ್ಲ ಅನ್ನಲು ಮಾಲತಿಯ ಗಂಡನ ಮುಂದೆ ನಾಚಿಕೆಯಾಗಿ ಕೇಸರಿ ಲೈಫ್ ಜಾಕೆಟ್ ಹಾಕಿಕೊಂಡು ಕೂತೆ. ಹುಟ್ಟು ಹಿಡಿದ ಅವನ ಹೆಬ್ಬೆಟ್ಟುಗಳು ನನ್ನ ಮುಖದ ಮುಂದೆಯೇ ಇದ್ದವು. ಗಾಯ ಕೂಡಿಕೊಂಡು ಸುಕ್ಕು ಸುಕ್ಕಾಗಿ, ಅದರ ಮೇಲೆ ಮೊದಲಿಗಿಂತ ದಪ್ಪ ಜಡ್ಡು ಬಂದಿತ್ತು.

ಬಂಡೆಗಳ ನಡುವೆ ಹೊಳೆ ಅಗಲವಾದ ಕಡೆ ಮಾಲತಿಯ ಗಂಡ ಫೋನು ತೆಗೆದ. ಇಲ್ಲಿ ತೆಪ್ಪವನ್ನು ಗಿರ್ ಅಂತ ಸುತ್ತಿಸುತ್ತಾರಂತಲ್ಲ, ಸುತ್ತಿಸಿ, ವಿಡಿಯೋ ಮಾಡಬೇಕು ಅಂದ. ಮಾದೇಶ ಹುಟ್ಟನ್ನು ಒಂದೇ ಕಡೆ ಹಾಕಿದ. ಬಂಡೆ, ಆಕಾಶ, ಬಂಡೆ, ಆಕಾಶ. ತೆಪ್ಪದ ಅಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ತೆಪ್ಪ ನಿಂತಿತು.

“ಪೋದುಮಾ ಸಾರ್?” ಅಂದ. ಸಾಕಾ ಅಂತ.

ನಾನು ಉತ್ತರ ಕೊಡುವ ಮೊದಲೇ ಮಾಲತಿ ಬಾಯಿ ತೆರೆದಳು. ಏಳು ತಿಂಗಳಲ್ಲಿ ನಾನಿರುವ ಕಡೆ ಅವಳು ಆಡಿದ ಮೊದಲ ಕನ್ನಡ ಮಾತು.

“ಇನ್ನೊಂದು ಸುತ್ತು ಸುತ್ತಿಸು ಬಾವ.”

ಅವನು ಸುತ್ತಿಸಿದ. “ಇನ್ನೊಂದು,” ಅಂದಳು. ಅವನು ಮತ್ತೆ ಸುತ್ತಿಸಿದ. ಅವಳ ಗಂಡ ನಗುತ್ತಾ ನನ್ನ ಮುಖಕ್ಕೇ ಫೋನು ಹಿಡಿದಿದ್ದ. ತಿಂದ ಮೀನೆಲ್ಲ ನನ್ನ ಅಂಗಿಯ ಮೇಲೆ ಬಂತು. ಸುತ್ತುವ ಆಕಾಶದಲ್ಲಿ ಅವರಿಬ್ಬರ ಮುಖ ಮಾತ್ರ ಅಲುಗದೆ ನಿಂತಿತ್ತು. ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಾನು ತಪ್ಪಿಸಿದ ಮದುವೆಯಲ್ಲಿ ಅವರು ಹೀಗೆ ಕಾಣುತ್ತಿದ್ದರು ಅಂತ ನನಗೆ ಆಗ ಹೊಳೆಯಿತು.

“ಸಾಕು ಬಾವ! ಕಾಲಿಗೆ ಬೀಳ್ತೀನಿ, ಸಾಕು!” ಅಂತ ಕೂಗಿಕೊಂಡೆ, ನಮ್ಮ ಮನೆಯ ಕನ್ನಡದಲ್ಲಿ.

ಮಾದೇಶ ನನ್ನ ಕಡೆ ತಿರುಗಿ, ಭಾಷೆ ಬಾರದವನ ಹಾಗೆ ಹುಬ್ಬು ಗಂಟಿಕ್ಕಿದ. “ಎನ್ನ ಸಾರ್? ಪುರಿಯಲೆಯೇ,” ಅಂದ. ಏನೆಂದಿರಿ, ಅರ್ಥವಾಗಲಿಲ್ಲ ಅಂತ. ಅಂದು, ಹುಟ್ಟನ್ನು ಮತ್ತೆ ನೀರಿಗೆ ಹಾಕಿದ.